ಗಳ ಇತ್ತು, ಗಾಳ ಇರಲಿಲ್ಲ

ಕೃಷ್ಣಾ ಹೊಳೆಯಲ್ಲಿ ಮೀನಿಗೆ ಕೂರಲು ಯಾವ ಕಾಲ ಚಲೋ ಎಂದು ಕೇಳುವವರು ಇವತ್ತಿಗೂ ನನ್ನ ಹತ್ತಿರವೇ ಬರುತ್ತಾರೆ. ಮಿರಜ ಕಡೆಯವರೂ ಬರುತ್ತಾರೆ, ಅಥಣಿ ಕಡೆಯವರೂ ಬರುತ್ತಾರೆ. ಬಂದವರನ್ನು ನಾನು ಬೈದು ಕಳಿಸುತ್ತೇನೆ. ನಾನು ಜೈನ. ತತ್ತಿಯನ್ನು ಕೈಯಿಂದ ಮುಟ್ಟಿದವನಲ್ಲ. ಉಳ್ಳಾಗಡ್ಡಿ ನಮ್ಮ ಮನೆಯ ಹೊಸ್ತಿಲು ದಾಟಿ ಬಂದಿಲ್ಲ. ಅರಿವೆಯಲ್ಲಿ ಸೋಸದ ನೀರು ನಮ್ಮ ಗಂಟಲಿಗೆ ಇಳಿದಿಲ್ಲ. ಇಂಥವನಿಗೆ ಮೀನಿನ ವಿದ್ಯೆ ಎಲ್ಲಿಂದ ಅಂಟಿಕೊಂಡಿತು ಎಂದು ಯಾರಾದರೂ ಹಲ್ಲು ಕಿರಿದು ಕೇಳಿದರೆ ಮೈ ಉರಿಯುತ್ತದೆ. ಆದರೂ ಹೇಳಿಬಿಡುತ್ತೇನೆ. ಊರಲ್ಲಿ ಇದನ್ನು ನೂರು ಥರ ಹೇಳುತ್ತಾರೆ, ಒಂದೂ ಸರಿ ಇಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜುಗೂಳದ ಮಗ್ಗುಲಿಗೆ, ಹೊಳೆದಂಡೆಯಲ್ಲೇ ನಮ್ಮ ಊರು. ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ. ಹೊಲದಲ್ಲಿ ಕಬ್ಬು. ಕಾಗವಾಡದಲ್ಲಿ ನನ್ನದೊಂದು ಭಾಂಡೆ ಅಂಗಡಿ; ಹಿತ್ತಾಳೆ ಕೊಡ, ತಾಮ್ರದ ಹಂಡೆ, ಸ್ಟೀಲಿನ ತಾಟು ಮಾರಿಕೊಂಡು ಸುಖವಾಗಿದ್ದೆ. ಒಂದು ದಿನ ಅಂಗಡಿಗೆ ಬ್ಯಾಂಕಿನ ಹೊಸ ಮ್ಯಾನೇಜರ್ ಬಂದರು. ಕುಮಟಾ ಕಡೆಯವರು, ವರ್ಗವಾಗಿ ಬಂದಿದ್ದರು.

“ಮೀನು ಸಾರಿಗೆ ಅಂತ ಒಂದು ಅಗಲದ ಪಾತ್ರೆ ಬೇಕಿತ್ತು ಮಾರಾಯ್ರೆ” ಎಂದರು.

“ಪಾತ್ರಿ ಕೊಡ್ತೇನ್ರಿ ಸಾಹೇಬ್ರ. ಯಾತಕ್ಕಂತ ಮಾತ್ರ ಹೇಳಬ್ಯಾಡ್ರಿ” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೀಗೆ ಗೆಳೆತನವಾಯಿತು. ಮನುಷ್ಯ ಚಲೋ, ಆದರೆ ಬಾಯಿ ತೆರೆದರೆ ಸಮುದ್ರ. ಅವರ ಮನೆಯ ಹಿತ್ತಲಿಗೇ ಅಳಿವೆಯಂತೆ. ಉಬ್ಬರದ ನೀರಿಗೆ ಒಂದು ಮೀನು, ಇಳಿತದ ನೀರಿಗೆ ಇನ್ನೊಂದು ಮೀನು. ಅಮಾವಾಸ್ಯೆ ಹುಣ್ಣಿಮೆ ನೋಡಿಕೊಂಡು ಗಾಳ ಹಾಕಬೇಕಂತೆ. ನಮ್ಮ ಕೃಷ್ಣೆಯನ್ನು ನೋಡಿ ಅವರಿಗೆ ಅಳುವೇ ಬಂದಿತ್ತು. “ಉಬ್ಬರ ಇಲ್ಲ, ಇಳಿತ ಇಲ್ಲ, ಒಂದು ಚಿಟಿಕೆ ಉಪ್ಪೂ ಇಲ್ಲ. ಇದೆಂಥಾ ನೀರು ಮಾರಾಯ್ರೆ? ಸಪ್ಪೆ” ಎನ್ನುತ್ತಿದ್ದರು. ನಮ್ಮ ಹೊಳೆಗೆ ಸಪ್ಪೆ ಎಂದದ್ದು ನನಗೆ ನಾಟಿತು. ರವಿವಾರ ನನ್ನ ಜೊತೆ ಬರ್ರಿ, ಹೊಳೆ ಎಲ್ಲಿ ಆಳ, ಎಲ್ಲಿ ಮಡು, ಎಲ್ಲಿ ಸುಳಿ ಎಂದು ತೋರಿಸುತ್ತೇನೆ ಎಂದೆ. ಹೊಳೆಯ ಮರ್ಯಾದೆ ಉಳಿಸಲು ಹೋದವನು ನಾನು, ಮೀನಿಗಾಗಿ ಹೋದವನಲ್ಲ.

ನಮ್ಮ ಹಳೆಯ ಘಾಟಿನ ಕಲ್ಲಿನ ಮೇಲೆ ಕೂತು ಅವರು ಗಾಳ ಬಿಟ್ಟರು. ನಾನು ಆಚೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ಅವರಿಗೆ ಜಾಲಿ ಗಿಡದ ಮರೆಗೆ ಹೋಗಬೇಕಾಯಿತು. “ಒಂದು ನಿಮಿಷ ಹಿಡಿದಿರಿ, ಸುಮ್ಮನೆ ಹಿಡಿದರೆ ಸಾಕು” ಎಂದು ಬಿದಿರಿನ ಗಳವನ್ನು ನನ್ನ ಕೈಗೆ ಕೊಟ್ಟು ಹೋಗಿಬಿಟ್ಟರು. ಕೆಳಗಿಡಲು ಕಲ್ಲು ಒದ್ದೆ. ಸುಮ್ಮನೆ ಹಿಡಿದುಕೊಂಡೆ. ಆಗ ಜಗ್ಗಿತು.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಮೊದಲು ಸಣ್ಣಗೆ, ಸೀರೆ ಸೆರಗು ಜಗ್ಗಿ ಕರೆಯುವ ಕೂಸಿನ ಹಾಗೆ. ಆಮೇಲೆ ಗಟ್ಟಿಯಾಗಿ. ಕಣ್ಣಿಗೆ ಕಾಣದ ಯಾವುದೋ ಜೀವ ನೀರಿನೊಳಗಿಂದ ನನ್ನ ಅಂಗೈ ತನಕ ಬಂದು ನಿಂತಿತ್ತು. ನನ್ನ ರಟ್ಟೆಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ಮ್ಯಾನೇಜರು ಓಡಿಬಂದು, ನನ್ನ ಕೈಯಿಂದ ಕಸಿದು ಮೇಲೆತ್ತಿದರು. ಮೀನಿನ ತುಟಿಯಲ್ಲಿ ಕಬ್ಬಿಣ ಹೊಕ್ಕು ರಕ್ತ ಬರುತ್ತಿತ್ತು. ನಾನು ಅಲ್ಲೇ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಮುಳುಗು ಹಾಕಿದೆ. ಮನೆಗೆ ಹೋಗಿ ಊಟ ಬೇಡ ಎಂದೆ.

ಊಟ ಬಿಟ್ಟದ್ದೂ ಖರೆ, ರಟ್ಟೆ ಜುಮ್ಮೆಂದದ್ದೂ ಖರೆ. ಒಂದು ವಾರ ಅಂಗಡಿಯಲ್ಲಿ ಗಿರಾಕಿ ಕೊಡ ಕೇಳಿದರೆ ಹಂಡೆ ಕೊಟ್ಟೆ. ಕೊನೆಗೆ ಬುದ್ಧಿ ಓಡಿತು. ನನಗೆ ಬೇಕಾದದ್ದು ಮೀನಲ್ಲ, ಜಗ್ಗುವುದು. ಕಬ್ಬಿಣ ಯಾಕೆ ಬೇಕು? ಒಂದು ಬಿದಿರಿನ ಗಳ ತಂದೆ, ಅದಕ್ಕೆ ದಾರ ಕಟ್ಟಿದೆ, ದಾರದ ತುದಿಗೆ ಜೋಳದ ಹಿಟ್ಟಿನ ಉಂಡೆ ಮೆತ್ತಿದೆ. ಮೀನು ಬರುತ್ತದೆ, ಜಗ್ಗುತ್ತದೆ, ಹಿಟ್ಟು ಕಿತ್ತುಕೊಂಡು ಹೋಗುತ್ತದೆ. ಅದಕ್ಕೆ ಊಟ, ನನಗೆ ಖುಷಿ. ಇದರಲ್ಲಿ ಪಾಪ ಎಲ್ಲಿಂದ ಬಂತು? ಮ್ಯಾನೇಜರು ಮೊದಲ ದಿನ ನನ್ನ ದಾರದ ತುದಿ ನೋಡಿ ನಗುವುದನ್ನೂ ಮರೆತರು. “ನಮ್ಮ ಕಡೆ ಹುಚ್ಚರಿದ್ದಾರೆ ಮಾರಾಯ್ರೆ, ಆದರೆ ಈ ಥರದವರಿಲ್ಲ” ಎಂದರು.

ಆ ಮೇಲೆ ನಾನು ಹೊಳೆಯನ್ನು ಓದಲು ಕಲಿತೆ. ಆಷಾಢದಲ್ಲಿ ಕೆಂಪು ನೀರು. ಹೊಳೆಯೇ ಎದ್ದು ಕಬ್ಬಿನ ಹೊಲ ನೋಡಿಕೊಂಡು ಹೋಗುವ ಕಾಲ, ಆಗ ಮೀನಿಗೆ ಹಿಟ್ಟು ಕಾಣುವುದಿಲ್ಲ. ಗಣೇಶ ಚೌತಿ ದಾಟಿದರೆ ನೀರು ತಿಳಿಯಾಗುತ್ತದೆ. ಹೊಳೆಗೆ ಅಡ್ಡ ಕಟ್ಟಿದ ಬಂಧಾರಕ್ಕೆ ಹಲಗೆ ಹಾಕಿದ ಮೇಲೆ ನೀರು ಕಟ್ಟಿ ನಿಲ್ಲುತ್ತದೆ, ಆಗ ಹಬ್ಬ. ಚಳಿಯಲ್ಲಿ ಮೀನೂ ನಮ್ಮ ಹಾಗೇ ಬಿಸಿಲೇರುವ ತನಕ ಏಳುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಹೊತ್ತು ಮುಳುಗುವಾಗ ಹಸಿದುಕೊಂಡು ಬರುತ್ತದೆ. ಮ್ಯಾನೇಜರಿಗೆ ಅದೇ ಬಂಗಾರದ ಹೊತ್ತು. ನನಗೆ ಎದ್ದು ಮನೆಗೆ ಓಡುವ ಹೊತ್ತು, ಏಕೆಂದರೆ ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಮೀನು ಊಟಕ್ಕೆ ಬರುವಾಗಲೇ ನನಗೂ ಊಟದ ಗಡಿಬಿಡಿ.

ಮೀನುಗಳ ಹೆಸರು ನನಗೆ ಗೊತ್ತಿರಲಿಲ್ಲ. ಕಂಡಿದ್ದರೆ ತಾನೆ? ಜಗ್ಗುವ ರೀತಿಯಿಂದಲೇ ಗುರುತು. ಬಸ್ಸಿನ ಹಗ್ಗ ಜಗ್ಗಿ ಟಣ್ ಟಣ್ ಎಂದು ಎರಡು ಗಂಟೆ ಹೊಡೆದ ಹಾಗೆ ಜಗ್ಗುವುದು ಕಂಡಕ್ಟರ್. ಬೇಡ ಬೇಡ ಎನ್ನುತ್ತಲೇ ಪೂರ್ತಿ ತಿಂದು ಮುಗಿಸುವುದು ಬೀಗರು. ಇನ್ನೊಂದಿತ್ತು, ಬಂದದ್ದೂ ತಿಳಿಯುತ್ತಿರಲಿಲ್ಲ, ಹೋದದ್ದೂ ತಿಳಿಯುತ್ತಿರಲಿಲ್ಲ, ಹಿಟ್ಟು ಮಾತ್ರ ಇರುತ್ತಿರಲಿಲ್ಲ. ಅದಕ್ಕೆ ನಮ್ಮ ಊರಿನ ಒಬ್ಬ ಪುಢಾರಿಯ ಹೆಸರಿಟ್ಟಿದ್ದೆ, ಇಲ್ಲಿ ಬರೆಯುವುದಿಲ್ಲ.

ಇಷ್ಟು ಸುಖ ಅವ್ವನ ಕಿವಿಗೆ ಬೀಳದೆ ಇರುತ್ತದೆಯೇ? ಯಾರೋ ಬಸ್ತಿಯಲ್ಲಿ, ಜಿನಪೂಜೆಯ ಹೊತ್ತಿಗೆ, ಹೇಳಿದರು. ಅವ್ವ ಬೈಯುವವಳಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಮುಗಿಸುತ್ತಿದ್ದೆ. ಬಸ್ತಿಯಿಂದ ಬಂದವಳು ಬಾಗಿಲಲ್ಲೇ ನಿಂತು, “ನೇಮ ತಗೊಂಡ ಬಂದೇನಿ. ಇವತ್ತಿಂದ ಸಿಹಿ ಬಿಟ್ಟೆ” ಎಂದಳು.

“ಯಾಕ ಬೇ?”

“ನೀ ಗಾಳ ಬಿಡೂತನಕ.”

“ಗಾಳ ಎಲ್ಲೈತಿ ಬೇ? ಬರೇ ಗಳ ಐತಿ. ಗಳಕ್ಕ ದಾರ, ದಾರಕ್ಕ ಹಿಟ್ಟು. ದಾನ ಮಾಡಾಕತ್ತೇನಿ ನಾ.”

“ದಾನ ಮಾಡಾವ ಕೈಲೆ ನೀಡತಾನ. ದಾರಕ್ಕ ಕಟ್ಟಿ ತೂಗೂದಿಲ್ಲ. ಪಾಪ ಹೌದೋ ಅಲ್ಲೋ ನನಗ ತಿಳಿಯೂದಿಲ್ಲ. ಹಿರ್ಯಾರ ಹೇಳಲಿ. ಪಾಪ ಅಲ್ಲಂತ ಅವ್ರು ಅಂದ್ರ ಅವತ್ತ ತಿಂತೀನಿ.”

ಬೇರೆಯವರಿಗೆ ಇದು ಸಣ್ಣ ಮಾತು. ನಮ್ಮ ಅವ್ವನಿಗೆ ಬೆಲ್ಲವೆಂದರೆ ಜೀವ. ಹಲ್ಲು ಹೋದ ಮೇಲೆ ಅವಳ ಊಟವೇ ಅದಾಗಿತ್ತು: ಹಾಲು ಬೆಲ್ಲ ರೊಟ್ಟಿ ಕಲಸಿಕೊಂಡು ಮೆತ್ತಗೆ ತಿನ್ನುತ್ತಿದ್ದಳು. ಖಾರ ಆಗುತ್ತಿರಲಿಲ್ಲ. ನಮ್ಮದೇ ಹೊಲದ ಕಬ್ಬು, ನಮ್ಮದೇ ಬೆಲ್ಲದ ಪೆಂಟೆ ಮೂಲೆಯಲ್ಲಿ, ಅವಳು ಸಪ್ಪೆ ಗಂಜಿ ಕುಡಿಯುತ್ತ ಕೂತಳು. ನಾಗಪಂಚಮಿ ಬಂತು, ಉಂಡೆ ಮುಟ್ಟಲಿಲ್ಲ. ಕುಪ್ಪಸದ ತೋಳು ಸಡಿಲಾಗತೊಡಗಿತು. ನನ್ನ ಹೆಂಡತಿ ನನ್ನ ತಾಟಿಗೆ ಹೋಳಿಗೆ ಬಡಿಸುವಾಗ ಬಡಿಸುವುದಕ್ಕಿಂತ ಎಸೆಯುತ್ತಿದ್ದಳು.

ಗಳ ಮುರಿದು ಒಲೆಗೆ ಹಾಕಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ. ಸೀದಾ ಬಸ್ತಿಗೆ ಹೋಗಿ ಹಿರಿಯರ ಮುಂದೆ ಕೂತೆ. ಹಿರಿಯರು ಎಂದರೆ ಮೂವರು. ಅವರಲ್ಲಿ ದೊಡ್ಡವರನ್ನು ಊರೆಲ್ಲ ದೊಡ್ಡಕಾಕಾ ಎನ್ನುತ್ತಿತ್ತು. ನಗು ಎಂಬುದು ಅವರ ಮುಖಕ್ಕೆ ಗೊತ್ತಿರಲಿಲ್ಲ. ಅವರು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ.

“ಕಣ್ಣಾರೆ ನೋಡದ ಹೇಳಾಕ ಬರೂದಿಲ್ಲ. ಪರೀಕ್ಷಾ ಮಾಡಬೇಕು” ಎಂದರು ದೊಡ್ಡಕಾಕಾ.

ಹೊಳೆಯ ಕೆಂಪು ಇಳಿದ ಮೇಲೆ ಒಂದು ರವಿವಾರ ಮೂವರೂ ಘಾಟಿಗೆ ಬಂದರು. ಚಾಳೀಸು ಏರಿಸಿಕೊಂಡು ದಾರವನ್ನು ಮೊಳ ಮೊಳ ಎಳೆದು ನೋಡಿದರು. ಹಿಟ್ಟಿನ ಉಂಡೆಯನ್ನು ಚಿವುಟಿ ಒಳಗೆ ಮುಳ್ಳಿದೆಯೇ ಎಂದು ಹುಡುಕಿದರು. ಇಲ್ಲ. ಮೀನಿಗೆ ಎಷ್ಟು ಎಳೆತ ಬೀಳುತ್ತದೆ ತಿಳಿಯಬೇಕೆಂದು ದೊಡ್ಡಕಾಕಾ ಗಳವನ್ನು ತಾವೇ ಹಿಡಿದರು. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಸಾಮಾಯಿಕದ ಧ್ಯಾನಕ್ಕೆ ಕೂತವರ ಹಾಗೆ. ಕಂಡಕ್ಟರ್ ಬಂತು ಎಂದು ನನಗೆ ಗಳದ ತುದಿಯಲ್ಲೇ ತಿಳಿಯಿತು. ಟಣ್ ಟಣ್. ದೊಡ್ಡಕಾಕಾರ ಮುಖದಲ್ಲಿ ಏನೋ ಓಡಾಡಿತು. ನಗುವೇ ಅದು, ಆದರೆ ದಾರಿ ಗೊತ್ತಿಲ್ಲದೆ ಮೀಸೆಯ ಹತ್ತಿರ ತಿರುಗುತ್ತಿತ್ತು.

“ಹೆಂಗ್ರಿ ಕಾಕಾ?” ಎಂದೆ.

“ಇನ್ನೂ ಖಾತ್ರಿ ಆಗಿಲ್ಲ” ಎಂದರು. ಹಿಟ್ಟು ಮೆತ್ತಲು ದಾರದ ತುದಿಯನ್ನು ನನ್ನ ಕಡೆ ಚಾಚಿದರು.

ಉಳಿದಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಹಿಡಿದರು. ಅವರಿಗೂ ಖಾತ್ರಿ ಆಗಲಿಲ್ಲ. ಮುಂದಿನ ರವಿವಾರವೂ ಆಗಲಿಲ್ಲ. ಅದರ ಮುಂದಿನ ರವಿವಾರ ಮೂವರೂ ತಮ್ಮ ತಮ್ಮ ಗಳ ತಂದರು. ಒಂದೇ ಗಳದಿಂದ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯಲ್ಲವಂತೆ. ನಾನು ಮೂರ್ಖ, ಖುಷಿಪಟ್ಟೆ. ಜೊತೆಗೆ ಕೂರಲು ಜನ ಸಿಕ್ಕಿದರಲ್ಲ ಎಂದುಕೊಂಡೆ.

ಹಿರಿಯರು ಬಂದ ಮೇಲೆ ಕಟ್ಟಳೆಯೂ ಬಂತು. ಹಿಟ್ಟು ಕಲಸಲು ಸೋಸಿದ ನೀರೇ ಆಗಬೇಕು. ಸೋಸಿದ ನೀರಲ್ಲಿ ಕಲಸಿದ ಹಿಟ್ಟನ್ನು ಹೊಳೆಗೆ ಹಾಕುವಾಗ ಹೊಳೆಯ ನೀರು ಯಾರು ಸೋಸಿದ್ದು ಎಂದು ಕೇಳಿದೆ. ದೊಡ್ಡಕಾಕಾ ನನ್ನನ್ನು ನೋಡಿದ ರೀತಿಗೆ ನೀರು ಸೋಸುವ ಅರಿವೆ ತಂದುಕೊಟ್ಟೆ. ಅಷ್ಟಮಿ ಚತುರ್ದಶಿಗೆ ನಮಗೂ ಉಪವಾಸ, ಮೀನಿಗೂ ಉಪವಾಸ. ಮ್ಯಾನೇಜರು ಒಮ್ಮೆ ಪಾಪ, ಒಳ್ಳೆಯ ಮನಸ್ಸಿನಿಂದಲೇ, “ಹಿಟ್ಟಿಗೆ ಸ್ವಲ್ಪ ಬೆಳ್ಳುಳ್ಳಿ ಅರೆದು ಹಾಕಿ, ವಾಸನೆಗೆ ಓಡಿ ಬರ್ತವೆ” ಎಂದರು.

“ಮೀನಕ್ಕ ಬಳ್ಳೊಳ್ಳಿ ತಿನಸತೀರೇನ್ರಿ?” ಎಂದರು ದೊಡ್ಡಕಾಕಾ, ಕಿವಿ ಮುಚ್ಚಿಕೊಂಡು.

ಮ್ಯಾನೇಜರು ಎಲ್ಲೂ ಹೋಗಿರಲಿಲ್ಲ. ನಮ್ಮ ಪಕ್ಕದ ಕಲ್ಲಿನ ಮೇಲೇ ಕೂತಿರುತ್ತಿದ್ದರು, ಗಾಳ ಹಾಕಿಕೊಂಡು. ಅವರ ಚೀಲ ದಿನದಿಂದ ದಿನಕ್ಕೆ ಭಾರವಾಗತೊಡಗಿತು. ಆಗಬಾರದೇ ಮತ್ತೆ? ನಾಲ್ಕು ಜನ ಶ್ರಾವಕರು ಕೂತು ಜೋಳದ ಹಿಟ್ಟು ಉಣಿಸಿದರೆ ಇಡೀ ಕೃಷ್ಣೆಯ ಮೀನು ನಮ್ಮ ಘಾಟಿಗೆ ಬರುತ್ತದೆ. ಸುದ್ದಿ ಹಬ್ಬಿತು. ಸತ್ತಿಯಿಂದ, ರಾಯಬಾಗದಿಂದ, ಚಿಕ್ಕೋಡಿಯಿಂದ ಲೂನಾ ಮೇಲೆ ಗಳ ಕಟ್ಟಿಕೊಂಡು ಹವ್ಯಾಸಿಗಳು ಬರತೊಡಗಿದರು. ಬಂದವರು ನೇರವಾಗಿ ನಮ್ಮನ್ನೇ ಕೇಳುವುದು: “ಇವತ್ತ ಎಲ್ಲಿ ಕುಂದರತೀರ್ರಿ ಅಣ್ಣಾರ?” ನಾವು ಮೇಲಿನ ಮಡುವಿಗೆ ಹೋದರೆ ಅವರೂ ಅಲ್ಲಿಗೆ. ಕೆಳಗಿನ ಬಂಡೆಗೆ ಹೋದರೆ ಅಲ್ಲಿಗೂ. ನನಗೆ ನೆತ್ತಿ ಕಾಯತೊಡಗಿತು. ಉಣಿಸುವವರು ನಾವು, ಕೊಲ್ಲುವವರು ಇವರು.

ಬೋರ್ಡು ಹಾಕೋಣ ಎಂದರು ದೊಡ್ಡಕಾಕಾ. ಘಾಟು ಬಸ್ತಿಯವರು ಕಟ್ಟಿಸಿದ್ದು, ನಮಗೆ ಅಧಿಕಾರವಿತ್ತು. ನಿಪ್ಪಾಣಿಯಿಂದ ಒಬ್ಬ ಪೇಂಟರನನ್ನು ಕರೆಸಿದರು. ಅವನ ಅಕ್ಷರ ಮುತ್ತಿನಂಥವು, ಮನೆಮಾತು ಮರಾಠಿ. ಇಲ್ಲಿ ಗಾಳ ಹಾಕಬಾರದು ಎಂದು ಬರಿ ಎಂದು ಬಾಯಿಂದ ಹೇಳಿ, ಹಿರಿಯರು ಊಟಕ್ಕೆ ಹೋದರು. ಮರಾಠಿಯಲ್ಲಿ ಗಾಳಕ್ಕೆ ಗಳ ಎನ್ನುತ್ತಾರೆ. ಅವನು ತನ್ನ ಕಿವಿಗೆ ಕೇಳಿದ ಹಾಗೆ, ಕೆಂಪು ಬಣ್ಣದಲ್ಲಿ, ದೂರದಿಂದಲೂ ಕಾಣುವಂತೆ ಬರೆದ: ಇಲ್ಲಿ ಗಳ ಹಾಕಬಾರದು. ಗಳ ತಂದವರನ್ನು ಎಬ್ಬಿಸಲಾಗುವುದು.

ನಾನೂ ಹಿರಿಯರೂ ಬರುವಷ್ಟರಲ್ಲಿ ಅವನೇ ಬೋರ್ಡು ನೆಟ್ಟು, ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡೆದಾಗಿತ್ತು. ನಾನು ಓದಿ ತಲೆ ಮೇಲೆ ಕೈ ಹೊತ್ತೆ. ಕನ್ನಡದಲ್ಲಿ ಗಳ ಎಂದರೆ ಬಿದಿರು. ಗಳ ಇದ್ದದ್ದು ನಮ್ಮ ಕೈಯಲ್ಲಿ. ನಮ್ಮ ಹತ್ತಿರ ಗಳ ಇತ್ತು, ಗಾಳ ಇರಲಿಲ್ಲ.

“ಒಂದ ದೀರ್ಘಾ ಎಳಿಯೋ ಮಾರಾಯಾ” ಎಂದೆ ಪೇಂಟರನಿಗೆ.

“ಗಳ ಮ್ಹಣಜೆ ಗಳಚ ಕೀ ಹೋ, ಗಳ ಅಂದ್ರ ಗಳಾನ. ಇನ್ನೇನ ಎಳಿಯೂದ್ರಿ?” ಎಂದ ಅವನು, ಕುಂಚ ತೊಳೆಯುತ್ತ.

“ಪೂಜಿ ಆಗಿ ನಿಂತ ಬೋರ್ಡ. ಇನ್ನ ಅದನ್ನ ತಿದ್ದಾಕ ಬರೂದಿಲ್ಲ” ಎಂದರು ದೊಡ್ಡಕಾಕಾ.

ಮುಂದಿನ ರವಿವಾರ ನೋಡಬೇಕಿತ್ತು. ಮ್ಯಾನೇಜರು ಬೋರ್ಡು ಓದಿ, ಗಳವನ್ನು ಬ್ಯಾಂಕಿನ ಜೀಪಿನಲ್ಲಿಟ್ಟು, ಬರೀ ಕೈಯಿಂದ ದಾರ ಬಿಟ್ಟುಕೊಂಡು ಕೂತರು. ದಾರದ ತುದಿಗೆ ಗಾಳ. “ನನ್ನ ಹತ್ರ ಗಳ ಎಲ್ಲಿದೆ ಮಾರಾಯ್ರೆ?” ಎಂದರು. ಲೂನಾದವರೂ ಹಾಗೇ ಮಾಡಿದರು. ಮಿರಜದಿಂದ ಇಬ್ಬರು ಬಂದಿದ್ದರು, ಕನ್ನಡ ಓದಲು ಬಾರದವರು. ಯಾರೋ ಅವರಿಗೆ ಗಟ್ಟಿಯಾಗಿ ಓದಿ ಹೇಳಿದರು. ಅವರು ತಮ್ಮ ಮರಾಠಿಯ ಪ್ರಕಾರ, ಪಾಪ, ಗಾಳವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬರೀ ಬಿದಿರು ಹಿಡಿದು ಕೂತರು. ನಮ್ಮ ಮನಸ್ಸಿನಲ್ಲಿದ್ದ ನಿಯಮವನ್ನು ಪಾಲಿಸಿದವರು ಇಡೀ ಘಾಟಿನಲ್ಲಿ ಅವರಿಬ್ಬರೇ. ದೊಡ್ಡಕಾಕಾ ಹೋಗಿ ಅವರನ್ನೇ ಎಬ್ಬಿಸಿದರು. ಬೋರ್ಡು ಎಂದರೆ ಬೋರ್ಡು.

ಅದೇ ನ್ಯಾಯದಿಂದ ನಮ್ಮ ಗಳಗಳನ್ನೂ ಬಸ್ತಿಯ ಸೂರಿಗೆ ಸೇರಿಸಿದರು. ದಾರವನ್ನು ತೋರುಬೆರಳಿಗೆ ಸುತ್ತಿಕೊಂಡು ಕೂತೆವು. ಬೆರಳಿಗೇ ನೇರ ಜಗ್ಗತೊಡಗಿದ ಮೇಲೆ ಹಿರಿಯರ ಪರೀಕ್ಷೆ ಇನ್ನೂ ಆಳಕ್ಕೆ ಇಳಿಯಿತು. ಬೆರಳು ಬದಲಿಸಿ ನೋಡಬೇಕು ಎಂದರು.

ದೀಪಾವಳಿ ಬಂತು. ಮನೆಯಲ್ಲಿ ಕರ್ಚಿಕಾಯಿ, ಶಂಕರಪಾಳಿ. ಅವ್ವ ತನ್ನ ಕೈಯಾರೆ ಹೂರಣ ತುಂಬಿ ಮಡಚಿಕೊಟ್ಟು, ಬೆರಳಿಗೆ ಅಂಟಿದ್ದನ್ನು ನಾಲಿಗೆಗೆ ತಾಗಿಸದೆ ತೊಳೆದುಕೊಂಡಳು. ನಾನು ನೋಡಿದೆ. ಎದ್ದು ಹೊರಟವನು ದೊಡ್ಡಕಾಕಾರ ಪಡಸಾಲೆಯಲ್ಲೇ ನಿಂತೆ.

“ಹೇಳಿಬಿಡ್ರಿ ಕಾಕಾ. ಪಾಪ ಅನ್ರಿ, ಇಲ್ಲಾ ಅಲ್ಲ ಅನ್ರಿ. ಅವ್ವ ಬಡವಾಗ್ಯಾಳ.”

“ತಮ್ಮಾ, ಅವಸರ ಮಾಡಿದ್ರ ಹೆಂಗ? ಪರೀಕ್ಷಾ ನಡದೈತಿ” ಎಂದರು. ಅವರ ತೋರುಬೆರಳಿನ ಮೇಲೆ ದಾರದ ಗೆರೆ ಕಪ್ಪಗೆ ಬಿದ್ದಿತ್ತು. ನನ್ನ ಬೆರಳಲ್ಲೂ ಇತ್ತು. ತೀರ್ಪು ಕೊಟ್ಟ ದಿನ ಪರೀಕ್ಷೆ ಮುಗಿಯುತ್ತದೆ, ಅದು ಅವರಿಗೆ ಬೇಕಿಲ್ಲ ಎಂದು ನನಗೆ ಆಗ ಹೊಳೆಯಿತು. ಮನೆಗೆ ಬಂದು ಸಿಟ್ಟಿನಲ್ಲಿ ಎಲ್ಲವನ್ನೂ ಅವ್ವನ ಮುಂದೆ ಒದರಿಬಿಟ್ಟೆ. ಅವ್ವ ಕೇಳಿಸಿಕೊಂಡಳು. “ರವಿವಾರ ನಾನೂ ಬರ್ತೀನಿ” ಎಂದಳು.

ಬಂದಳು. ಸೊಸೆಯ ಹೆಗಲು ಹಿಡಿದು ಮೆಟ್ಟಿಲಿಳಿದಳು. ಹಿರಿಯರು ಬೆರಳಿಗೆ ಸುತ್ತಿದ ದಾರವನ್ನು ಅವಸರದಲ್ಲಿ ಬಿಚ್ಚಲು ಹೋದರು, ಗಂಟು ಬಿದ್ದಿತ್ತು. ಅವ್ವ ನನ್ನ ಪಕ್ಕದಲ್ಲಿ ಕೂತು ಬೆರಳು ಚಾಚಿದಳು. ನಾನು ದಾರ ಸುತ್ತಿದೆ. ಬೀಗರು ಬಂದರು, ಬೇಡ ಬೇಡ ಎಂದು ಮೆಲ್ಲಗೆ, ಆಮೇಲೆ ಪೂರ್ತಿ. ಅವಳ ಮುಖ ಹೂವಾಯಿತು. ಗೆದ್ದೆ ಎಂದುಕೊಂಡೆ.

“ಹೆಂಗೈತಿ ತಂಗಿ?” ಎಂದರು ದೊಡ್ಡಕಾಕಾ, ಆಸೆಯಿಂದ.

ಅಷ್ಟರಲ್ಲಿ ಪಕ್ಕದ ಕಲ್ಲಿನಲ್ಲಿ ಮ್ಯಾನೇಜರು ದಾರ ಸೆಳೆದರು. ಮೊಳದುದ್ದದ ಮೀನು ಕಲ್ಲಿನ ಮೇಲೆ ಬಿದ್ದು ಒದ್ದಾಡತೊಡಗಿತು. ಅವ್ವ ಎದ್ದು ಅದರ ಹತ್ತಿರ ಹೋದಳು. ಬಗ್ಗಿ ಅದರ ಬಾಯನ್ನು ನೋಡಿದಳು. ಗಾಳದ ಮಗ್ಗುಲಲ್ಲಿ, ಇನ್ನೂ ನುಂಗದ ಬಿಳಿ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಮ್ಯಾನೇಜರು ಎರೆಹುಳದವರು, ಹಿಟ್ಟು ಬಳಸುತ್ತಿರಲಿಲ್ಲ. ಅದು ನಮ್ಮ ಹಿಟ್ಟು.

ಅವ್ವ ತಿರುಗಿ ನಮ್ಮ ನಾಲ್ವರನ್ನೂ ನೋಡಿದಳು. ದನಿ ಏರಿಸಲಿಲ್ಲ.

“ನಿಮ್ಮ ದಾರಕ್ಕ ಮುಳ್ಳಿಲ್ಲ ಅಣ್ಣಾರ, ಖರೆ ಐತಿ. ಆದ್ರ ಮ್ಯಾಲಿಂದ ಬಂದಿದ್ದೆಲ್ಲಾ ಊಟ ಅಂತ ಇವಕ್ಕ ಕಲಿಸಿದವ್ರು ಯಾರು?”

ದೊಡ್ಡಕಾಕಾ ದಾರವನ್ನು ಹಲ್ಲಿನಿಂದ ಕಡಿದು ಎದ್ದರು. “ಪರೀಕ್ಷಾ ಮುಗೀತು” ಎಂದರು. ಮೂವರೂ ಸಾಲಾಗಿ ಮೆಟ್ಟಿಲು ಹತ್ತಿ ಹೋದರು, ತಿರುಗಿ ನೋಡಲಿಲ್ಲ. ಅವರಿಗೆ ಮುಗಿಯಿತು. ನನಗೆ ಎಲ್ಲಿ ಮುಗಿಯಬೇಕು? ಮನೆಯಲ್ಲಿ ಅವ್ವನ ಮುಂದೆ ಬೆಲ್ಲದ ಡಬ್ಬಿ ಇಟ್ಟು, ಬಿಟ್ಟೆ ಬೇ, ಇನ್ನು ತಿನ್ನು ಎಂದೆ.

“ನೀ ಬಿಟ್ಟಿ. ಅವು ಬಿಡಬೇಕಲ್ಲ” ಎಂದಳು. “ಕಲಿಸಿದಾವನೇ ಮರಸಬೇಕು.”

ಹಾಗೆ ನಾನು ಮೀನುಗಳಿಗೆ ಹೆದರಿಕೆ ಕಲಿಸುವ ಮಾಸ್ತರನಾದೆ. ರವಿವಾರದ ಮಾತು ಬಿಡಿ, ದಿನಾ ಬೆಳಿಗ್ಗೆ ಹೋಗಬೇಕು. ಹಿಟ್ಟಿನ ಉಂಡೆ ನೀರಿಗೆ ಬಿಡಬೇಕು. ನೀರು ಅಲುಗಿ ಗುಳ್ಳೆ ಎದ್ದ ಕೂಡಲೆ ಅಂಗಡಿಯಿಂದ ತಂದ, ಅಗಲ ತಾಟಿನಂಥ ಹಿತ್ತಾಳೆ ಪರಾತವನ್ನು ದಬದಬ ಬಡಿಯಬೇಕು, ನೀರಿಗೆ ಕಲ್ಲು ಒಗೆಯಬೇಕು, ಬಾಯಿಗೆ ಬಂದದ್ದು ಬೈಯಬೇಕು. ಬೈಗುಳ ನನಗೆ ಬರುತ್ತಿತ್ತು, ಅದಕ್ಕೇನೂ ಕಷ್ಟವಾಗಲಿಲ್ಲ. ಅರಿವೆ ಒಗೆಯಲು ಬಂದ ಹೆಣ್ಣುಮಕ್ಕಳು ಬುಟ್ಟಿ ಎತ್ತಿಕೊಂಡು ಓಡಿದರು. ಭಾಂಡೆ ಅಂಗಡಿಯವನಿಗೆ ತಲೆ ಕೆಟ್ಟಿದೆ, ಮಂಗಸೂಳಿಗೆ ಕರೆದುಕೊಂಡು ಹೋಗಿ ಮಲ್ಲಯ್ಯನ ಅರಿಶಿಣದ ಭಂಡಾರ ಹಚ್ಚಿಸಿರಿ ಎಂದು ನನ್ನ ಹೆಂಡತಿಗೆ ಹೇಳಿದವರೂ ಇದ್ದರು.

ಒಂದು ದಿನ ದೊಡ್ಡಕಾಕಾ ಮೆಲ್ಲಗೆ ಬಂದರು. “ಹೆದರಸೂದೂ ಹಿಂಸಾನ ತಮ್ಮಾ” ಎಂದರು. ಆಮೇಲೆ ನೀರಿಗೆ ಬಗ್ಗಿ ನೋಡಿ, “ಎಷ್ಟ ಹೆದರತಾವ ನೋಡಬೇಕು. ಆ ಪರಾತ ಇಲ್ಲಿ ಕೊಡು” ಎಂದರು. ಕೈಮುಗಿದು ಕಳಿಸಿದೆ.

ಮ್ಯಾನೇಜರಿಗೆ ನನ್ನ ಮೇಲೆ ಕೋಪ ಬಂತು. ಅವರ ಚೀಲ ಹಗುರಾಗುತ್ತ ಬಂದು, ಕೊನೆಗೆ ಖಾಲಿ ಚೀಲ ಮಡಚಿ ಜೇಬಿಗೆ ಹಾಕಿಕೊಂಡು ಹೋಗುವ ಹಾಗಾಯಿತು. ಲೂನಾದವರು ಬರುವುದನ್ನು ನಿಲ್ಲಿಸಿದರು. ಮ್ಯಾನೇಜರಿಗೆ ಮತ್ತೆ ಕರಾವಳಿಗೇ ವರ್ಗವಾಯಿತು. ಹೋಗುವ ದಿನ ಅಂಗಡಿಗೆ ಬಂದು ನಿಂತರು. “ನಿಮ್ಮಿಂದಲೇ ಈ ಹೊಳೆ ಸಪ್ಪೆ ಅಲ್ಲ ಅಂತ ಗೊತ್ತಾಯ್ತು, ನಿಮ್ಮಿಂದಲೇ ಹಾಳಾಯ್ತು ಮಾರಾಯ್ರೆ” ಎಂದರು. ಅವರು ಹೋದದ್ದಕ್ಕೆ ನನಗೆ ಬೇಸರವಾಯಿತು. ಹೊಳೆದಂಡೆಯಲ್ಲಿ ನನ್ನ ಹುಚ್ಚನ್ನು ಮೊದಲು ಕಂಡವರು ಅವರೇ.

ಚಳಿ ಜೋರಾಗಿದ್ದ ಒಂದು ಬೆಳಿಗ್ಗೆ ಅವ್ವ ತಾನಾಗಿಯೇ ನನ್ನ ಜೊತೆ ಹೊರಟಳು. ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಳು. ನೀರು ತಳದ ಕಲ್ಲು ಕಾಣುವ ಹಾಗೆ ತಿಳಿಯಾಗಿತ್ತು. ಬಿಸಿಲು ಏರಿ ನನ್ನ ಬೆನ್ನ ಮೇಲೆ ಬಿದ್ದಿತ್ತು. ನಾನು ಇನ್ನೂ ಹಿಟ್ಟು ತೆಗೆದಿರಲಿಲ್ಲ, ಪರಾತ ಚೀಲದಲ್ಲೇ ಇತ್ತು. ಕೊನೆಯ ಮೆಟ್ಟಿಲಿಗೆ ಕಾಲಿಟ್ಟೆ, ನನ್ನ ನೆರಳು ನೀರಿನ ಮೇಲೆ ಬಿತ್ತು. ಅಷ್ಟೇ. ಕಲ್ಲಿನ ಸಂದಿಯಿಂದ ಕರಿಯ ಬೆನ್ನುಗಳು ಒಮ್ಮೆಲೇ ತಿರುಗಿ ಆಳಕ್ಕೆ ಓಡಿದವು. ಎಷ್ಟೊಂದು ಇದ್ದವು. ನೀರಿನಲ್ಲಿ ಅವನ್ನು ನಾನು ನೋಡಿದ್ದು ಅದೇ ಮೊದಲು. ಕಂಡಕ್ಟರ್ ಯಾವುದು, ಬೀಗರು ಯಾವುದು, ಒಂದೂ ಗುರುತಾಗಲಿಲ್ಲ. ಎಲ್ಲವೂ ನನಗೆ ಬೆನ್ನು ತೋರಿಸಿದ್ದವು.

ಹಿಟ್ಟಿನ ಉಂಡೆ ಬಿಟ್ಟು ನೋಡಿದೆ. ತಳಕ್ಕೆ ಹೋಗಿ ಕೂತು, ಮೆಲ್ಲಗೆ ಕರಗಿ ಹೋಯಿತು. ಯಾರೂ ಬರಲಿಲ್ಲ.

“ಕಲ್ತವು ನೋಡು” ಎಂದಳು ಅವ್ವ. ಅವಳ ದನಿಯಲ್ಲಿ ಸಮಾಧಾನವಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಗಾಣ ನಡೆದಿತ್ತು. ಕೊಪ್ಪರಿಗೆಯಿಂದ ಆಗಷ್ಟೇ ಬೆಲ್ಲ ಇಳಿಸಿದ್ದರು. ಅವ್ವ ತಾನೇ ಕೇಳಿ ಒಂದು ಮುದ್ದೆ ಇಸಿದುಕೊಂಡಳು. ಬಸ್ತಿಯ ಕಡೆ ತಿರುಗಿ ಕೈಮುಗಿದು ನೇಮ ಬಿಟ್ಟಳು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬೊಚ್ಚು ಬಾಯಿ ಆಡಿಸುತ್ತ ಬಹಳ ಹೊತ್ತು ಹಾಗೇ ಇದ್ದಳು. ಇಷ್ಟು ದಿನ ಅದನ್ನು ನೋಡಲೆಂದೇ ನಾನು ಒದ್ದಾಡಿದ್ದು. ಅವ್ವ ಅರ್ಧ ಮುರಿದು ನನ್ನ ಕೈಗಿಟ್ಟಳು. ನಾನು ಬಾಯಿಗೆ ಹಾಕಿಕೊಂಡು ನುಂಗದೆ ಕೂತೆ.

“ಯಾಕೋ ತಮ್ಮಾ, ಸಿಹಿ ಇಲ್ಲೇನ?”

“ಐತಿ ಬೇ.”

“ಮತ್ತ ನುಂಗು.”

ಬೆಲ್ಲ ಬಿಸಿಯಾಗಿತ್ತು, ನಾಲಿಗೆಯ ಮೇಲೇ ಕರಗುತ್ತಿತ್ತು, ಹೊಳೆಯ ತಳದಲ್ಲಿ ಕರಗಿದ ಹಿಟ್ಟಿನ ಹಾಗೆ. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿದ್ದುದನ್ನು ಕಂಡ ಗಾಣದವನು ಹೊಗೆಗೆ ಎಂದುಕೊಂಡು, ರಟ್ಟೆ ಹಿಡಿದು ನನ್ನನ್ನು ಒಲೆಯಿಂದ ಆಚೆ ಸರಿಸಿ ಕೂರಿಸಿದ.